ಗಂಟು ಬಿಚ್ಚಿದ ವೈರ್

ನನ್ನ ತಂಗಿ ನೀಲಾಳ ಗಿಟಾರು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಹೇಳಿದವನು ನಾನು. ಅದು ದನಿ ಎತ್ತದಂತೆ ಮಾಡಿದವನೂ ನಾನೇ. ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎಂಟು ವರ್ಷ ಅವಳ ಮನೆಯಲ್ಲಿ ಉಂಡಿದ್ದೇನೆ, ಪ್ರತಿ ನಾಗರ ಪಂಚಮಿಗೆ ಹೋಗಿ ಅವಳನ್ನು ತವರಿಗೆ ಕರೆತಂದಿದ್ದೇನೆ, ಅವಳ ಕೈಯಿಂದ ಹಬ್ಬದ ಉಂಡಿ ಇಸಿದುಕೊಂಡಿದ್ದೇನೆ — ಹೇಳಿಲ್ಲ.

ನಾನು ಓದಿದ್ದು ಏಳನೆಯ ತರಗತಿ. ಬಿಲ್ಲು ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬಾಯಿಂದ ಹೇಳಲು ಹೋದಾಗ ಎರಡು ಸಲವೂ ಅರ್ಧಕ್ಕೇ ನಗೆಯಾಡಿ ಮಾತು ತಿರುಗಿಸಿಬಿಟ್ಟೆ. ಹಾಳೆಯ ಮೇಲೆ ನಗೆಯಾಡಲು ಬರುವುದಿಲ್ಲ.

ಇಂಡಿ ಊರಿನಲ್ಲಿ ನನ್ನದು ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಬಸುರಿಯರ ಕುಬಸ, ಭಜನೆ, ಯಾವುದೇ ಇರಲಿ, ಬಾಕ್ಸು ಆಂಪ್ಲಿಫಯರು ನಮ್ಮವು. ನಮ್ಮ ಅಪ್ಪ ಏಕತಾರಿ ಹಿಡಿದು ಲಚ್ಯಾಣದ ಮಠದಲ್ಲಿ ಭಜನೆ ಹಾಡುತ್ತಿದ್ದ. ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ಏಕತಾರಿ ಕೊಟ್ಟು ನೋಡಿದ. ನೀಲಾ ಆರು ವರ್ಷದವಳು, ನಾನು ಹನ್ನೆರಡು. ಎಂಟು ದಿನಕ್ಕೇ ಅಪ್ಪ ನನ್ನ ಕೈಯಿಂದ ಅದನ್ನು ತೆಗೆದುಕೊಂಡ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳಿದ: "ಗುರೂ, ನಿನ್ನ ಕಿವಿ ಛಲೋ ಐತಿ, ಕೈ ಬರಂಗಿಲ್ಲಪಾ. ನೀ ಮೈಕ್ ಹಿಡಿ, ಆಕಿ ಹಾಡ್ಲಿ."

ನಾನು ಮೈಕ್ ಹಿಡಿದೆ. ಇವತ್ತಿನವರೆಗೂ ಅದನ್ನೇ ಹಿಡಿದಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ನೀಲಾ ಹತ್ತಿರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಲ್ಲಿ ಯಾರೋ ಮಾಸ್ತರರು ಬಿಟ್ಟುಹೋದ ಹಳೆಯ ಕಟ್ಟಿಗೆಯ ಗಿಟಾರು ಇತ್ತು. ಫೋನಿನಲ್ಲಿ ನೋಡಿ ನೋಡಿ ಅದನ್ನು ಕಲಿತಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳು ಬಾರಿಸಿದ್ದನ್ನು ಬಸವನ ಬಾಗೇವಾಡಿಯ ಒಂದು ಆರ್ಕೆಸ್ಟ್ರಾದ ಯಜಮಾನ ಕೇಳಿದ. "ತಂಗಿ, ನಮ್ಮಲ್ಲಿ ಗಿಟಾರಿನವ್ರಿಲ್ಲ. ಕರೆಂಟಿನ ಗಿಟಾರ ತಗೋ, ತಿಂಗಳ ಕಡೀ ಆಯ್ತವಾರ ಬಂದು ನಮ್ಮ ಮುಂದ ಬಾರ್ಸು. ಹೊಂದಿತಂದ್ರ ನೀನ ಖಾಯಂ," ಎಂದ. ನೀಲಾ ಆ ದಿನ ಮನೆಗೆ ನಡೆದು ಬರಲಿಲ್ಲ, ಓಡಿ ಬಂದಳು.

ಅಲ್ಲಿಯವರೆಗೆ ಕೂಡಿಟ್ಟಿದ್ದ ಪಗಾರದಿಂದ ಆ ಗಿಟಾರನ್ನು ಫೋನಿನಲ್ಲೇ ತರಿಸಿದಳು. ತಂದುಕೊಡುವವನಿಗೆ ಮನೆಯ ಓಣಿ ಸಿಗುವುದಿಲ್ಲವೆಂದು ಅಂಗಡಿಯ ವಿಳಾಸ ಕೊಟ್ಟಿದ್ದಳು. ಅದು ಬಂದದ್ದು ಬುಧವಾರ ಮಧ್ಯಾಹ್ನ — ಅವಳು ಶಾಲೆಯಲ್ಲಿದ್ದಾಗ.

ನಾನು ಕಾಯಬಹುದಿತ್ತು. ಕಾಯಬೇಕಿತ್ತು. ಸಾಮಾನು ಸರಿಯಾಗಿ ಬಂದಿದೆಯೋ ಇಲ್ಲವೋ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡು ಡಬ್ಬಿಯ ಟೇಪು ಬಿಚ್ಚಿದೆ.

ಅದನ್ನು ಮೊದಲು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಸುಟ್ಟ ಬೆಲ್ಲದ ಬಣ್ಣ. ಹೊಸ ಪಾಲಿಶಿನ ವಾಸನೆ. ಎತ್ತಿದರೆ ನಾನಂದುಕೊಂಡದ್ದಕ್ಕಿಂತ ಭಾರ — ಏಕತಾರಿಯಂತೆ, ಶಾಲೆಯ ಗಿಟಾರಿನಂತೆ ಅದಕ್ಕೆ ಹೊಟ್ಟೆಯೇ ಇರಲಿಲ್ಲ, ಇಡೀ ಒಂದು ಹಲಗೆ. ತಂತಿಗಳು ತಣ್ಣಗಿದ್ದವು. ಒಂದನ್ನು ಮೀಟಿದೆ. ಸೈಕಲ್ಲಿನ ಕಡ್ಡಿಗೆ ಉಗುರು ತಾಗಿದಷ್ಟು ಸಪ್ಪಳ. ಇಷ್ಟೇನಾ ಅನ್ನಿಸಿತು. ನಿಜ ಹೇಳುತ್ತೇನೆ — ಇಷ್ಟೇ ಅನ್ನಿಸಿದ್ದಕ್ಕೆ ಒಳಗೆಲ್ಲೋ ಸಮಾಧಾನವಾಯಿತು.

ಡಬ್ಬಿಯ ಮೂಲೆಯಲ್ಲಿ ಹೊಸ ವೈರ್ ಇತ್ತು. ಒಂದು ತುದಿ ಗಿಟಾರಿಗೆ, ಇನ್ನೊಂದು ನನ್ನ ಆಂಪ್ಲಿಫಯರಿಗೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒಂದೇ ಸಲ ಎಳೆದು ಬಿಟ್ಟೆ.

ಮೇಲಿನ ತಗಡಿನ ಪತ್ರಾಸು ನಡುಗಿತು. ಟೇಬಲ್ಲಿನ ಮೇಲಿದ್ದ ಚಹಾದ ಗ್ಲಾಸು ನಡುಗಿತು. ದಿನಾಲೂ ದೊಡ್ಡ ಸದ್ದಿನ ನಡುವೆ ಇರುವವನು ನಾನು, ಸದ್ದಿಗೆ ಹೆದರುವವನಲ್ಲ. ಇದು ಸದ್ದಲ್ಲ. ಏಕತಾರಿಯ ದನಿ ಹುಟ್ಟಿದೊಡನೆ ಇಳಿಯತೊಡಗುತ್ತದೆ. ಇದು ಇಳಿಯಲಿಲ್ಲ — ನಿಂತುಕೊಂಡಿತು, ಯಾರೋ ಮನುಷ್ಯರು ಬಂದು ಎದುರಿಗೆ ನಿಂತ ಹಾಗೆ. ಎದುರಿನ ಚಹಾದಂಗಡಿಯ ಮಲ್ಲೇಶಿ ಕೂಗಿದ: "ಏ ಗುರಪ್ಪಾ, ಯಾರ್ ಬಂದಾರೋ? ಮೈಯಾಗ ಝುಂ ಅಂತಲೋ ಮಾರಾಯಾ!"

"ಯಾರಿಲ್ಲೋ, ರೇಡಿಯೋ," ಎಂದೆ.

ಮೊದಲ ಸುಳ್ಳು ಅದು. ಯಾಕೆ ಹೇಳಿದೆ — ಬಾಯಿಗೆ ಬಂದದ್ದೇ ಹಾಗೆ.

ಆಮೇಲೆ ಬಾಗಿಲು ಅರ್ಧ ಎಳೆದುಕೊಂಡು ನಾನೂ ಬಾರಿಸಲು ನೋಡಿದೆ. ಅಪ್ಪನ ಒಂದು ಭಜನೆಯ ಮೊದಲ ಸಾಲು, ಅಷ್ಟೇ. ಬೆರಳು ಎಲ್ಲಿಟ್ಟರೂ ತಪ್ಪು. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ: ಕೈ ಇರಲಿಲ್ಲ, ಕಿವಿ ಇತ್ತು. ಆ ಕಿವಿಗೆ, ಇದೇ ವಾದ್ಯ ನೀಲಾಳ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದು ಅಲ್ಲೇ, ಆಗಲೇ ಕೇಳಿಸಿಬಿಟ್ಟಿತು. ಅವಳು ಮುಂದೆ, ದೀಪದ ಬೆಳಕಿನಲ್ಲಿ. ನಾನು ಎಂದಿನಂತೆ ಹಿಂದೆ, ಬಾಕ್ಸುಗಳ ನಡುವೆ.

ಹೆಣ್ಣುಮಗಳು ಊರೂರು ಆರ್ಕೆಸ್ಟ್ರಾ ಎಂದು ತಿರುಗಿದರೆ ಮಂದಿ ಏನಂದಾರು ಎಂದು ಯೋಚಿಸಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆ ಮಧ್ಯಾಹ್ನ ಮಂದಿಯ ನೆನಪು ನನಗೆ ಬಂದಿರಲಿಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ನಮ್ಮ ಕೆಲಸದಲ್ಲಿ ಒಂದು ರೂಢಿ ಉಂಟು. ವೈರ್ ಮೇಲೆ ಚೆನ್ನಾಗಿದ್ದು ಒಳಗಿನ ತಂತಿ ತುಂಡಾಗಿದ್ದರೆ ಅದರ ನಡುವಿಗೆ ಒಂದು ಗಂಟು ಹಾಕಿ ಇಡುತ್ತೇವೆ. ಗಡಿಬಿಡಿಯಲ್ಲಿ ಯಾರೂ ಅದನ್ನು ಹಚ್ಚಬಾರದು ಎಂದು. ಸಣ್ಣವಳಿದ್ದಾಗಿನಿಂದ ಅಂಗಡಿಯಲ್ಲಿ ಆಡಿ ಬೆಳೆದ ನೀಲಾಳಿಗೂ ಅದು ಗೊತ್ತು. ನಾನು ಹೊಸ ವೈರನ್ನು ಟೇಬಲ್ಲಿನ ಕೆಳಗಿನ ಖಾನೆಗೆ ಹಾಕಿ ಕೀಲಿ ತಿರುವಿದೆ. ಮೊಳೆಗೆ ತೂಗುಹಾಕಿದ್ದ ಕೆಟ್ಟ ವೈರುಗಳಲ್ಲಿ ಒಂದನ್ನು ತೆಗೆದು ಗಂಟು ಬಿಚ್ಚಿದೆ. ಬಿಗಿಯಾಗಿತ್ತು. ಹಲ್ಲು ಹಚ್ಚಬೇಕಾಯಿತು. ಕೈತಪ್ಪಿ ಆದದ್ದು ಎಂದು ನಾನು ಹೇಗೆ ಹೇಳಲಿ?

ಸಂಜೆ ಡಬ್ಬಿಯನ್ನು ಮತ್ತೆ ಟೇಪು ಹಚ್ಚಿ ಮನೆಗೆ ಒಯ್ದೆ, ಜೊತೆಗೆ ಸಣ್ಣ ಆಂಪ್ಲಿಫಯರು. ನೀಲಾ ಕೈಕಾಲು ತೊಳೆದು ದೇವರ ಮುಂದೆ ಊದುಬತ್ತಿ ಹಚ್ಚಿ ಬಂದು ಡಬ್ಬಿ ಬಿಚ್ಚಿದಳು. ಬಹಳ ಹೊತ್ತು ಮುಟ್ಟಲಿಲ್ಲ, ಬರೀ ನೋಡಿದಳು. ಅವ್ವ ಬಗ್ಗಿ ನೋಡಿ, "ಇದಕ್ಕ ಹೊಟ್ಟಿನ ಇಲ್ಲಲ್ಲ! ಉಪಾಸ ಇದ್ದದ್ದು ಏನ್ ಹಾಡತೈತೆ ಯವ್ವಾ?" ಎಂದಳು.

"ಇದರ ಹೊಟ್ಟಿ ಅಣ್ಣನ ಆಂಪ್ಲಿಫಯರದಾಗ ಐತಿ ತಡಿಬೇ," ಎಂದು ನೀಲಾ ನಕ್ಕಳು. "ಅಣ್ಣಾ, ವೈರ್ ಕಳಿಸಿಲ್ಲಲ್ಲ ಇದರಾಗ?"

"ಇಲ್ಲ. ನಂದು ತಂದೇನಿ."

"ಛಲೋ ಐತಿಲ್ಲೋ ಮತ್ತ?"

ಆಗ ನಾನು ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಗಂಟ ಐತೇನ ನೋಡ," ಎಂದೆ.

ಅವಳು ವೈರನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳುಗಳ ನಡುವೆ ಎಳೆದು ನೋಡಿದಳು. "ಇಲ್ಲ," ಎಂದಳು, ಖುಷಿಯಿಂದ.

ಹಚ್ಚಿದಳು. ಬಾಕ್ಸಿನಿಂದ ಗುಂಯ್ ಎಂಬ ಒಂದೇ ಸದ್ದು. ಮೀಟಿದಳು — ಗುಂಯ್. ಇದ್ದ ಗುಂಡಿಗಳನ್ನೆಲ್ಲ ತಿರುವಿದಳು. ನಾನು ಸ್ಕ್ರೂಡ್ರೈವರ್ ತಂದು ಗಿಟಾರಿನ ಹಿಂದಿನ ಮುಚ್ಚಳ ತೆಗೆದು ಒಳಗೆ ಇಣುಕಿದೆ, ಹುಬ್ಬು ಗಂಟಿಕ್ಕಿದೆ, ಒಂದು ತಾಸು ನಾಟಕ ಮಾಡಿದೆ. ಕೊನೆಗೆ, "ಒಳಗ ಸುಟ್ಟೈತಿ ತಂಗಿ. ಕೆಟ್ಟ ಮಾಲ್ ಕಳಿಸ್ಯಾರ," ಎಂದೆ. ಸದ್ದಿನ ವಿಷಯದಲ್ಲಿ ಮನೆಯಲ್ಲಿ ನನ್ನ ಮಾತೇ ಕೊನೆಯದು. ಅವಳು ಅಳಲಿಲ್ಲ. ನನ್ನ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸಿ, "ಬಿಡಣ್ಣ, ಭಾಳ ಒದ್ದಾಡಿದಿ," ಎಂದಳು.

ಅಲ್ಲಿಗೆ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ವಾಪಸ್ ಕಳಿಸಲು ಮಾರಿದವರಿಗೆ ನಾನೇ ತಿಳಿಸುತ್ತೇನೆ ಎಂದು ಹೇಳಿ, ತಿಳಿಸದೆ ಗಡುವು ದಾಟಿಸಿದೆ. ಅದಕ್ಕಿಂತ ದೊಡ್ಡದು ಶನಿವಾರ ಮಾಡಿದ್ದು. "ಬಾಗೇವಾಡಿಯವ್ರಿಗೆ ನೀನ ಫೋನ್ ಹಚ್ಚಿ ಹೇಳಣ್ಣ, ನನಗ ಮಾತಾಡಾಕ ಆಗಂಗಿಲ್ಲ," ಎಂದು ಅವಳು ನನ್ನ ಕೈಗೆ ನಂಬರು ಕೊಟ್ಟಳು. ನಾನು ಅಂಗಳಕ್ಕೆ ಹೋಗಿ ಮಾತಾಡಿದೆ. ಗಿಟಾರು ಕೆಟ್ಟದ್ದು ಬಂದಿದೆ ಎಂದೆ. ಆ ಯಜಮಾನ ನಕ್ಕುಬಿಟ್ಟ.

"ಅಯ್ಯ, ಅದಕ್ಯಾಕ ಹೆದರ್ತೀರ್ರೀ? ಹತ್ತರಾಗ ಎಂಟು ಸಲ ವೈರ್ ಹೋಗಿರತೈತಿ. ಅದನ್ನ ಹಂಗ ತಗೊಂಡ ಬರಾಕ ಹೇಳ್ರಿ, ನಮ್ಮ ವೈರ್ ಹಚ್ಚಿ ನೋಡೂಣು. ಅದೂ ಇಲ್ಲಂದ್ರ ನಮ್ಮ ಗಿಟಾರ ಐತಿ, ಅದರ ಮ್ಯಾಲ ಬಾರಸ್ಲಿ. ನಮಗ ಆಕಿ ಕೈ ಬೇಕ್ರಿ, ಡಬ್ಬಿ ಅಲ್ಲ."

ಫೋನು ಇಟ್ಟು ಒಳಗೆ ಬಂದೆ. ನೀಲಾ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಣ್ಣು ನನ್ನ ಬಾಯಿಯ ಮೇಲೆ. ಆ ಅಂಗಳದಿಂದ ಈ ಬಾಗಿಲಿಗೆ ಹತ್ತು ಹೆಜ್ಜೆ — ಹತ್ತು ಹೆಜ್ಜೆಯಲ್ಲಿ ಎಲ್ಲವನ್ನೂ ಸರಿಮಾಡಬಹುದಿತ್ತು. "ಬ್ಯಾರೆದವ್ರನ್ನ ತಗೊಂಡಾರಂತ," ಎಂದೆ.

"ಹೌದಾ," ಎಂದಳು. ಆಮೇಲೆ ರೊಟ್ಟಿ ಬಡಿಯಲು ಹೋದಳು.

ಮರುವರ್ಷ ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟೆವು. ಗಂಡ ಒಳ್ಳೆಯವನು, ಅವಳಿಗೆ ಒಂದು ಹೊಲಿಗೆ ಮಷೀನು ಹಾಕಿಕೊಟ್ಟಿದ್ದಾನೆ. ದುಃಖದಲ್ಲಿಲ್ಲ. ಆದರೆ ಅವಳು ಹಾಡುವುದು ಮಷೀನಿನ ಸದ್ದಿನ ಒಳಗೆ ಮಾತ್ರ. ಮಷೀನು ನಿಂತರೆ ಅವಳೂ ನಿಲ್ಲುತ್ತಾಳೆ. ಗಿಟಾರನ್ನು ಅತ್ತೆಯ ಮನೆಗೆ ಒಯ್ಯಲಿಲ್ಲ. "ನಿನ್ನ ಅಂಗಡ್ಯಾಗ ತೂಗು ಹಾಕಣ್ಣ, ಛಂದರ ಕಾಣ್ತೈತಿ. ಮೂಕ ಇದ್ರೂ ನಂದ," ಎಂದಳು. ಎಂಟು ವರ್ಷದಿಂದ ಅದು ನನ್ನ ತಲೆಯ ಮೇಲೆ ತೂಗುತ್ತಿದೆ. ಯಾರಾದರೂ ಕೇಳಿದರೆ, "ಕೆಟ್ಟೈತ್ರಿ," ಎನ್ನುತ್ತೇನೆ. ಅದರ ನೇರ ಕೆಳಗೆ, ಕೀಲಿ ಹಾಕಿದ ಖಾನೆಯಲ್ಲಿ, ಹೊಸ ವೈರ್.

ಹೋದ ತಿಂಗಳು ಸಿಂದಗಿಯ ಕಡೆ ಕನ್ನೊಳ್ಳಿಯಲ್ಲಿ ಒಂದು ಮದುವೆ. ಮೈಕ್‌ಸೆಟ್ ನಮ್ಮದು, ಆರ್ಕೆಸ್ಟ್ರಾ ಬೇರೆ ಊರಿನದು. ಅದರಲ್ಲಿ ಗಿಟಾರು ಬಾರಿಸುತ್ತಿದ್ದವಳು ಒಬ್ಬ ಹುಡುಗಿ, ಇಪ್ಪತ್ತರ ಆಸುಪಾಸು. ಹಾಡಿನ ನಡುವೆ ಅವಳ ಗಿಟಾರು ಸುಮ್ಮನಾಯಿತು. ಅವಳ ಬೆರಳುಗಳು ಓಡುತ್ತಿವೆ, ದನಿ ಇಲ್ಲ. ನಾನು ಯೋಚಿಸಲಿಲ್ಲ, ಕೈ ತಾನಾಗಿ ಹೋಯಿತು. ಹಳೆಯ ವೈರ್ ಕಿತ್ತು ಬೇರೆಯದನ್ನು ಚುಚ್ಚಿದೆ. ಒಂದು ಸಾಲು ಮುಗಿಯುವಷ್ಟರಲ್ಲಿ ದನಿ ಬಂತು. ಅವಳು ಬಾರಿಸುತ್ತಲೇ ನನ್ನ ಕಡೆ ತಿರುಗಿ ನಕ್ಕಳು. ಹಾಡು ಮುಗಿದ ಮೇಲೆ ಇಳಿದು ಬಂದು, "ಕಾಕಾ, ಉಳಿಸಿದ್ರಿ ನೋಡ್ರಿ ಇವತ್ತ," ಎಂದಳು.

ನನ್ನ ಕೈಯಲ್ಲಿ ಅವಳ ಕೆಟ್ಟ ವೈರ್ ಇತ್ತು. ರೂಢಿಯಂತೆ ಗಂಟು ಹಾಕಲು ಹೋದೆ — ಹಾಕದೆ ಕೆಳಗಿಟ್ಟೆ. ಪೆಂಡಾಲಿನ ಹಿಂದೆ ಹೋಗಿ ಬಿಸಿಲಿನಲ್ಲಿ ಕುಳಿತೆ. ಇಷ್ಟು ಸುಲಭವಿತ್ತು. ಒಂದು ಸಾಲು ಹಾಡುವಷ್ಟು ಹೊತ್ತಿನ ಕೆಲಸ.

ಊರಿಗೆ ಬಂದು ಗಿಟಾರನ್ನು ಕೆಳಗಿಳಿಸಿದೆ. ತಂತಿಗಳಿಗೆ ತುಕ್ಕು ಹಿಡಿದಿತ್ತು. ವಿಜಯಪುರಕ್ಕೆ ಹೋಗಿ ಹೊಸವನ್ನು ತಂದಿದ್ದೇನೆ. ಹಾಕಿಲ್ಲ. ಶ್ರುತಿ ಮಾಡುವುದು ನನ್ನ ಕೈಯ ಕೆಲಸವಲ್ಲ. ಅಂದು ಬಳಸಿದ ಆ ಕೆಟ್ಟ ವೈರನ್ನು ನಾನು ಬಿಸಾಡಿರಲಿಲ್ಲ. ಇವತ್ತು ಬೆಳಿಗ್ಗೆ ಅದಕ್ಕೆ ಮತ್ತೆ ಗಂಟು ಹಾಕಿದೆ.

ನಾಳೆ ಮುಂಜಾನೆಯ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೊರಡುತ್ತೇನೆ. ಜೊತೆಗೆ ಗಿಟಾರು, ಹೊಸ ತಂತಿಗಳು, ಸಣ್ಣ ಆಂಪ್ಲಿಫಯರು, ಈ ಹಾಳೆಗಳು, ಎರಡೂ ವೈರುಗಳು. ಬಸ್ಸು ಬಸವನ ಬಾಗೇವಾಡಿಯ ಮೇಲೆಯೇ ಹೋಗುತ್ತದೆ. ಆ ಆಯ್ತವಾರ ಅವಳು ಇಳಿಯಬೇಕಿದ್ದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನಾನು ಒಳಗೇ ಕುಳಿತಿರುತ್ತೇನೆ. ಮೊದಲು ಅವಳ ಕೈಗೆ ಗಂಟಿನ ವೈರ್ ಕೊಡುತ್ತೇನೆ. ಅದನ್ನು ಹಿಡಿದೊಡನೆ ಅವಳಿಗೆ ಗೊತ್ತಾಗುತ್ತದೆ. ಹಾಳೆ ಓದುವ ಮೊದಲೇ ಗೊತ್ತಾಗುತ್ತದೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಮುಂದಿನ ಪಂಚಮಿಗೆ ಬರುವುದಿಲ್ಲ ಎಂದರೆ ಅದನ್ನೂ ಕೇಳಿಕೊಂಡು ಬರುತ್ತೇನೆ. ಕ್ಷಮಿಸು ಎಂದು ಈ ಹಾಳೆಗಳಲ್ಲಿ ನಾನು ಎಲ್ಲಿಯೂ ಬರೆದಿಲ್ಲ.

ಅವಳ ಗಿಟಾರಿನ ಮೊದಲ ದನಿಯನ್ನು ಕೇಳಿದವನು ನಾನು. ಅದೊಂದನ್ನು ಹಿಂದಿರುಗಿಸಲು ಬರುವುದಿಲ್ಲ. ಅವಳು ಆ ಹೊಸ ವೈರ್ ಹಚ್ಚಿ ಮೀಟಿ ನೋಡುವುದಾದರೆ, ನಾನು ಆ ಕೋಣೆಯಲ್ಲಿ ಇರುವುದಿಲ್ಲ. ಅವಳೊಬ್ಬಳೇ ಕೇಳಲಿ.