ದೊಡ್ಡಮ್ಮನ ಜಾಗ

ಎಡಸೊಂಟದಲ್ಲಿ ಬಿಂದಿಗೆ ಹೊತ್ತು ಹೊತ್ತು, ಬರಿಗೈಯಲ್ಲಿದ್ದಾಗಲೂ ದೊಡ್ಡಮ್ಮ ಬಲಕ್ಕೆ ವಾಲಿಯೇ ನಡೆಯುತ್ತಿದ್ದರು. ಸೀರೆಯ ಎಡಮಗ್ಗುಲು ಸದಾ ಒದ್ದೆ. ನನಗೆ ನೆಂಟರಲ್ಲ, ಮೈಸೂರಿನ ಅಗ್ರಹಾರದ ನಮ್ಮ ಬೀದಿಗೆಲ್ಲ ಅವರು ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಹಳ್ಳಿ ಬಿಟ್ಟು ಬಂದು, ಇಡ್ಲಿ ಮಾರಿ ಒಬ್ಬನೇ ಮಗನನ್ನು ಸಾಕುತ್ತಿದ್ದರು.

ಬೀದಿಗೆ ಒಂದೇ ನಲ್ಲಿ, ಬೆಳಗ್ಗೆ ಒಂದು ಗಂಟೆ ನೀರು. ಹೆಂಗಸರು ಬಿಂದಿಗೆಗಳನ್ನು ಸಾಲಾಗಿಟ್ಟು ಮನೆಗೆಲಸಕ್ಕೆ ಹೋಗುತ್ತಿದ್ದರು. ಆ ಸಾಲು ಕಾಯಲು ದೊಡ್ಡಮ್ಮನನ್ನು ಯಾರೂ ನೇಮಿಸಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ವಕೀಲರ ಮನೆಯ ತಾಮ್ರದ ಕೊಡವಾಗಲಿ, ಕೂಲಿಯವಳ ಸೊಟ್ಟ ಸೀಮೆಎಣ್ಣೆ ಡಬ್ಬವಾಗಲಿ, ಬಂದ ಕ್ರಮದಲ್ಲೇ ನಿಲ್ಲಬೇಕು.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ನಾನು ಹೊಸ ಸೊಸೆ. ಬಾವಿಗಳು ಬತ್ತಿದ್ದವು. ಅತ್ತೆಗೆ ಎರಡು ದಿನದಿಂದ ವಾಂತಿಭೇದಿ, ಮನೆಯಲ್ಲಿ ತೊಟ್ಟು ನೀರಿಲ್ಲ. ಬಾಯಿಬಿಟ್ಟು ಕೇಳಲು ಬಿಗುಮಾನ ಬೇರೆ. ಯಾರೂ ಇಲ್ಲದ್ದು ನೋಡಿ, ಕೊನೆಯಲ್ಲಿದ್ದ ನನ್ನ ಬಿಂದಿಗೆಯನ್ನು ಮೆಲ್ಲಗೆ ಮುಂದೆ ತಂದಿಟ್ಟೆ. ದೊಡ್ಡಮ್ಮ ಎಲ್ಲಿದ್ದರೋ, ಬಂದವರೇ ಅದನ್ನೆತ್ತಿ ಮತ್ತೆ ಕೊನೆಗಿಟ್ಟರು.

"ನ್ಯಾಯ ಹೇಳೋಕೆ ಬಂದ್ಬುಟ್ರಿ! ನಮ್ಮನೆ ಕಷ್ಟ ನಿಮಗೇನ್ ಗೊತ್ತು?" ಎಂದು ಅತ್ತೆಯ ಸ್ಥಿತಿಯನ್ನೆಲ್ಲ ಒದರಿ, ಬೀದಿಯಲ್ಲೇ ಅಳಲು ಶುರುಮಾಡಿದೆ.

ದೊಡ್ಡಮ್ಮ ಸಾಲಿನಲ್ಲಿ ಎರಡನೆಯದಾಗಿದ್ದ ತಮ್ಮ ಬಿಂದಿಗೆಯನ್ನು ತೆಗೆದು, ಅಲ್ಲಿ ನನ್ನದನ್ನಿಟ್ಟರು. ತಮ್ಮದನ್ನು ಕೊನೆಗೆ ಒಯ್ದರು.

"ಸಾಲು ಎಲ್ಲಾರ್ದೂ ಕಣವ್ವ, ಅದು ಮೊಕ ನೋಡ್ಬಾರ್ದು. ಮೊಕ ನೋಡಾಕೆ ನಾವಿಲ್ವಾ? ಇಡ್ಕೊ, ಇದು ನನ್ ಜಾಗ."

ಅವರ ಸರದಿಗೆ ಮೊದಲೇ ನೀರು ನಿಂತಿತು. ಅವತ್ತು ಅವರ ಒಲೆ ಉರಿಯಲಿಲ್ಲ, ಇಡ್ಲಿಗೆ ಬಂದವರು ಹಾಗೇ ವಾಪಸು ಹೋದರು. ನಾಚಿಕೆಯಿಂದ ಒಂದು ಚೆಂಬು ನೀರು ಒಯ್ದರೆ, "ನಿಮ್ಮತ್ತೆಗೆ ಬೇಕು, ತಕ್ಕೊಂಡೋಗು" ಎಂದು ಗದರಿದರು. ಸಂಜೆ ತಾವೇ ಬಂದು ಅತ್ತೆಯ ಕಾಲೊತ್ತುತ್ತಾ ಕೂತರು.

ಎಲ್ಲರಿಗೂ ಒಂದೇ ನ್ಯಾಯವೆಂದರೆ ಕಷ್ಟದಲ್ಲಿರುವವರಿಗೆ ಅನ್ಯಾಯವಲ್ಲವೇ ಎಂದು ಆಮೇಲೂ ಎಷ್ಟೋ ಸಲ ತಲೆಕೆಡಿಸಿಕೊಂಡಿದ್ದೇನೆ. ಪೂರಾ ಉತ್ತರ ಸಿಕ್ಕಿಲ್ಲ. ಆದರೆ ಇನ್ನೊಬ್ಬರ ಸರದಿಯನ್ನು ದಾನಮಾಡಿ ಹೆಸರು ಮಾಡುವ ದೊಡ್ಡವರನ್ನು ಕಂಡಾಗಲೆಲ್ಲ ದೊಡ್ಡಮ್ಮ ನೆನಪಾಗುತ್ತಾರೆ.

ಹತ್ತು ಹನ್ನೆರಡು ವರ್ಷದ ಮೇಲೆ ಒಂದು ಬೆಳಗ್ಗೆ ಅವರು ತೀರಿಕೊಂಡರು. ಹೆಣಕ್ಕೆ ಸ್ನಾನ ಮಾಡಿಸಲು ನೀರು ಬೇಕಿತ್ತು. ಮಗ ಬಿಂದಿಗೆ ತಂದು ಸಾಲಿನ ಕೊನೆಗಿಟ್ಟು ತಲೆತಗ್ಗಿಸಿ ನಿಂತ. ಮೂರನೆಯದಾಗಿದ್ದ ನನ್ನ ಬಿಂದಿಗೆಯನ್ನೆತ್ತಿ ಅವನನ್ನು ಮುಂದೆ ಕರೆದೆ.

"ಬ್ಯಾಡ ಕಣಕ್ಕ. ಅವ್ವ ಒಪ್ತಿರ್ಲಿಲ್ಲ."

"ಇದು ನನ್ ಜಾಗ ಕಣಪ್ಪ. ಇಡು."

ನಾನು ಕೊನೆಗೆ ಹೋದೆ. ಸಾಲಿನ ಮೊದಲೆರಡು ಜಾಗದಲ್ಲಿದ್ದ ಇಬ್ಬರೂ ತಮ್ಮ ಬಿಂದಿಗೆಗಳನ್ನು ತೆಗೆದುಕೊಂಡು ಬಂದು ನನ್ನ ಹಿಂದೆ ನಿಂತರು. ನಮ್ಮ ಸರದಿಗೆ ಮೊದಲೇ ನೀರು ನಿಂತಿತು. ಖಾಲಿ ಬಿಂದಿಗೆಗಳನ್ನು ಹೊತ್ತುಕೊಂಡೇ ಮೂವರೂ ಅಳುತ್ತಾ ದೊಡ್ಡಮ್ಮನ ಮನೆಗೆ ನಡೆದೆವು.