ರಂಗೂನಿನಲ್ಲಿ ಭಾವನ ಕರಡಿಗೆ

ಶಿಕಾರಿಪುರದಿಂದ ನಾನು ರಂಗೂನು ನೋಡಲು ಹೊರಟಾಗ ಅಕ್ಕ ಭಾವನನ್ನೂ ಜೊತೆಗೆ ಕಳಿಸಿದ್ದು ನನ್ನನ್ನು ಕಾಯಲಿಕ್ಕೆ. "ಇವನ ಕಾಲಾಗೆ ಚಕ್ರ ಐತಿ. ನೀವು ಹೋಗ್ರಿ, ಹೆಂಗಾರ ಮಾಡಿ ವಾಪಸ್ ಕರ್ಕಂಡ್ ಬರ್ರಿ" ಎಂದಿದ್ದಳು. ಭಾವ ಸೊರಬದವರು. ಅಂಜನಾಪುರದ ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಜನಕ್ಕೆಲ್ಲ ಜ್ವರ ಹಬ್ಬಿದ್ದ ಮರುವರ್ಷ ಅದು.

ಶಿವಮೊಗ್ಗೆಯಲ್ಲಿ ಮಿಲಿಟರಿಯ ಹಳೇ ಕ್ಯಾನ್ವಾಸ್ ಚೀಲ ಎರಡು ಕೊಂಡೆವು. ಬೆನ್ನಿಗೆ ಹಾಕಿದರೆ ಕೈ ಎರಡೂ ಖಾಲಿ. ಮದರಾಸಿನಿಂದ ಹಡಗಿನ ಡೆಕ್ಕಿನ ಮೇಲೆ, ಬಿಸಿಲಲ್ಲೇ ಪ್ರಯಾಣ. ಭಾವನಿಗೆ ಹೊಟ್ಟೆ ತೊಳಸಿ ಅವಲಕ್ಕಿಯೂ ಸೇರಲಿಲ್ಲ. ನನಗೋ ಕೂತಲ್ಲಿ ಕೂರಲಾಗದ ತಳಮಳ, ಕಂಬಿ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ. ಹಡಗು ಸಮುದ್ರ ಬಿಟ್ಟು ಕೆಂಪು ನೀರಿನ ನದಿಗೆ ತಿರುಗಿತು. ಆಗ ದೂರದಲ್ಲಿ ಚಿನ್ನದ ಶಿಖರವೊಂದು ಮಿನುಗಿತು.

ಬೆಳಿಗ್ಗೆ ರಂಗೂನಿನ ದಕ್ಕೆಯಲ್ಲಿ ಇಳಿದಾಗ ಭಾವ ಹೇಳಿದರು: "ಮೊದಲು ಸ್ನಾನ, ಪೂಜೆ, ಊಟ. ಆಮೇಲೆ ನಿನ್ನ ಗೋಪುರ."

"ಒಂದ್ ಗಳಿಗಿ ನೋಡ್ಕಂಡ್ ಬಂದ್ಬಿಡಾನ ಬರ್ರಿ ಭಾವ. ಅದೇನ್ ದೂರ ಐತಿ?"

ದೂರವೇ ಇತ್ತು. ಅಲ್ಲಿಯ ಸೈಕಲ್ ರಿಕ್ಷಾದಲ್ಲಿ ಒಬ್ಬರು ಮುಂದೆ ಮುಖ ಮಾಡಿದರೆ ಇನ್ನೊಬ್ಬರು ಹಿಂದೆ ಮುಖ ಮಾಡಿ ಕೂರಬೇಕು. ಮುಂದಿನದನ್ನು ನಾನೇ ಹಿಡಿದೆ. ಕೆನ್ನೆಗೆ ಚಂದನದಂಥ ಲೇಪ ಬಳಿದ ಹುಡುಗಿಯರು, ಸುರುಟು ಸೇದುತ್ತ ವ್ಯಾಪಾರ ಮಾಡುವ ಮುದುಕಿಯರು, ಲುಂಗಿಯುಟ್ಟು ಕಚೇರಿಗೆ ಹೊರಟ ಗುಮಾಸ್ತರು, ಗಾಳಿಯ ತುಂಬ ಒಣಮೀನಿನ ವಾಸನೆ. ಹಿಂದಿನ ಸೀಟಿನಲ್ಲಿ ಭಾವ ಮೂಗು ಮುಚ್ಚಿಕೊಂಡು ಕೂತಿದ್ದರು.

ಪಗೋಡದ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟೆವು. ಚೀಲ ಬಿಡಲು ಭಾವ ಒಪ್ಪದೆ ಹೊತ್ತೇ ಹತ್ತಿದರು. ಮೇಲೆ ವಾರಕ್ಕೊಂದು ಬುದ್ಧನ ಮೂರ್ತಿ, ಜನ ತಾವು ಹುಟ್ಟಿದ ವಾರದ ಬುದ್ಧನ ಮುಂದೆ ನಿಂತು ಮೂರ್ತಿಯ ತಲೆಯ ಮೇಲೆ ನೀರು ಹೊಯ್ಯುತ್ತಿದ್ದರು. "ಅಭಿಷೇಕ ಇವರಿಗೂ ಇದೆಯಲ್ಲೋ!" ಎಂದು ಭಾವ ಬಗ್ಗಿ ನೋಡಿದರು. ನಾನಾಗಲೇ ಮುಂದಿನ ಮೂಲೆಗೆ ಹೋಗಿದ್ದೆ.

ಇಳಿದು ಬಂದು ತಮಿಳರ ಛತ್ರ ಸೇರಿದೆವು. ಭಾವ ಚೀಲ ಇಳಿಸಿದರು. ಅಂಗಿ ಬಿಚ್ಚಲು ಹೋದ ಕೈ ಎದೆಯ ಮೇಲೇ ನಿಂತುಬಿಟ್ಟಿತು. ಬೆಳ್ಳಿಯ ಕರಡಿಗೆ ಇರಲಿಲ್ಲ. ಚೀಲದ ಪಟ್ಟಿ ದಾರಿಯುದ್ದಕ್ಕೂ ಶಿವದಾರವನ್ನು ಉಜ್ಜಿ ಉಜ್ಜಿ ಸವೆಸಿತ್ತು. ತುಂಡುದಾರವೊಂದು ಮಾತ್ರ ಹೆಗಲಿಗೆ ಅಂಟಿಕೊಂಡಿತ್ತು.

ಅದರೊಳಗಿದ್ದದ್ದು ದೀಕ್ಷೆಯ ದಿನ ಮೈಮೇಲೆ ಬಂದ ಇಷ್ಟಲಿಂಗ. ಕಳೆದರೆ ಸಿಗುವವರೆಗೆ ಹನಿ ನೀರೂ ಮುಟ್ಟುವುದಿಲ್ಲ ಅವರ ಮನೆತನದವರು. ಭಾವ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. "ನೀನು ಊಟ ಮಾಡು. ನಂದು ಮುಗೀತು" ಎಂದು ಗೋಡೆಗೆ ಒರಗಿದರು. ಹಡಗಿನಲ್ಲೇ ಅರ್ಧ ಸೊರಗಿದ್ದ ಮನುಷ್ಯ. ಅಕ್ಕನ ಮುಖ ನೆನಪಾಯಿತು.

"ಏಳ್ರಿ ಭಾವ. ಹುಡುಕಾನ."

ದಾರಿಯಲ್ಲಿ ಹುಡುಕುತ್ತ ವಾಪಸು ಹೋದೆವು. ಬೆಳಿಗ್ಗೆ ಬಾಯಿಬಿಟ್ಟು ನೋಡಿದ ಊರಿನಲ್ಲಿ ಈಗ ನೆಲ ಬಿಟ್ಟರೆ ಬೇರೇನೂ ಕಾಣಲಿಲ್ಲ. ರಿಕ್ಷಾ ನಿಲ್ಲುವ ಜಾಗ, ಚಪ್ಪಲಿ ಬಿಟ್ಟ ಜಾಗ, ಮೆಟ್ಟಿಲ ಮೂಲೆಗಳು, ಎಲ್ಲೂ ಇಲ್ಲ. ಮೇಲೆ ಸುರುಟು ಕಚ್ಚಿಕೊಂಡು ಹೂ ಮಾರುತ್ತಿದ್ದ ಮುದುಕಿಯೊಬ್ಬಳ ಮುಂದೆ ನಿಂತು, ಎದೆ ಮುಟ್ಟಿ, ಅಂಗೈಯಲ್ಲಿ ಮೊಟ್ಟೆಯಾಕಾರ ಬರೆದು ತೋರಿಸಿದೆ. ಅವಳು ಸುರುಟು ಕೆಳಗಿಟ್ಟಳು. ಕೈ ತೊಳೆದಳು. ಭಾವನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದಳು.

ಪುಟ್ಟ ಬುದ್ಧನೊಬ್ಬನ ಪಾದದ ಬಳಿ ನಮ್ಮ ಕರಡಿಗೆ ಕೂತಿತ್ತು. ಮೇಲೆ ಮಲ್ಲಿಗೆ. ಆಗತಾನೇ ಹೊಯ್ದ ನೀರು ಇನ್ನೂ ಇಳಿಯುತ್ತಿತ್ತು. ಪಕ್ಕದಲ್ಲಿ ಊದುಬತ್ತಿ ಉರಿಯುತ್ತಿತ್ತು. ಬಿದ್ದದ್ದನ್ನು ಕಂಡವಳು ಅದು ಯಾರದೋ ದೇವರೆಂದು ತಿಳಿದು ನೆಲದ ಮೇಲೆ ಬಿಟ್ಟಿರಲಿಲ್ಲ, ಅಷ್ಟೆ.

ನಾನು ಭಾವನ ಮುಖ ನೋಡಿದೆ. ಭಾವ ಮಡಿಯ ಮನುಷ್ಯ. ಪರರು ಮುಟ್ಟಿದ್ದು, ಅದೂ ಬೇರೆ ದೇವರ ಕಾಲ ಬಳಿ! ಭಾವ ಕರಡಿಗೆಯನ್ನು ತೆಗೆದು ಕಣ್ಣಿಗೊತ್ತಿಕೊಂಡರು. ಮುದುಕಿ ತಾನು ಹೂ ಕಟ್ಟುವ ದಾರವನ್ನು ನಾಲ್ಕು ಎಳೆ ಹೊಸೆದು ಅವರಿಗೆ ಕೊಟ್ಟಳು. ಅದನ್ನೇ ಕಟ್ಟಿಕೊಂಡರು.

"ಛತ್ರಕ್ಕೆ ಹೋಗಾನ್ರಿ, ಸ್ನಾನ ಮಾಡಿ ಪೂಜಿ ಮಾಡ್ಕಳ್ರಿ" ಎಂದೆ.

"ಪೂಜೆ ಆಗಿದೆಯಲ್ಲ ಮಾರಾಯ" ಎಂದರು ಭಾವ. "ನಡಿ, ಹಸಿವು."

ತಮಿಳರ ಹೋಟೆಲಿನಲ್ಲಿ ಅವರು ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡದ್ದನ್ನು ನೋಡಿ ಬಡಿಸುವವನೇ ನಕ್ಕ.

ಹಿಂದಿರುಗುವ ದಿನ ದಕ್ಕೆಗೆ ಹೋಗುವಾಗ ರಿಕ್ಷಾದ ಹಿಂದಿನ ಸೀಟನ್ನು ಭಾವ ತಾವೇ ಕೇಳಿ ಹತ್ತಿದರು, ಶಿಖರ ಆ ಕಡೆಗಿತ್ತು. ಹಡಗು ಹೊರಟ ಮೇಲೂ ಎದೆಯ ಮೇಲೆ ಕೈಯಿಟ್ಟು ಅದು ಮರೆಯಾಗುವವರೆಗೂ ನೋಡುತ್ತ ನಿಂತರು. ನಾನು ಅವರ ಪಕ್ಕದಲ್ಲಿ ಮೊದಲ ಬಾರಿಗೆ ಸುಮ್ಮನೆ ಕೂತಿದ್ದೆ.

"ಆಯಮ್ಮನ ಹೆಸರೇ ಕೇಳಲಿಲ್ಲ ನಾವು" ಎಂದರು. ಕೊರಳಿನ ಹೂದಾರವನ್ನು ಸರಿಮಾಡಿಕೊಂಡು, "ಇನ್ನೊಂದು ಸಲ ಬರಬೇಕು ಕಣೋ. ನಿನ್ನ ಅಕ್ಕನಿಗೆ ನೀನೇ ಹೇಳು."