ಹೋಳಿಗೆಯ ಮುಂದೆ ಬರೆದ ಅಂಕಿ

ಹೋದ ವಾರ ಬೀಳಗಿಯ ನಮ್ಮ ಖಾನಾವಳಿಯ ಬೋರ್ಡಿಗೆ ಬಣ್ಣ ಬಳಿಸಿದೆ. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿಯುತ್ತಲೇ ಅಣ್ಣ ನೆನಪಾದ. ಆ ಬೋರ್ಡು ಮೊದಲ ಸಲ ಬರೆಸಿದಾಗ ಅವನು ನನ್ನ ಪಕ್ಕದಲ್ಲೇ ನಿಂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದ್ದ...

ಅಣ್ಣ ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲಿದ್ದ. ತುಂಬಿದ ಗಾಡಿ ತೂಗಿ, ಖಾಲಿ ಗಾಡಿ ತೂಗಿ, ಕಳೆದು ಹೇಳುವುದು ಅವನ ಕೆಲಸ. ಯಾರನ್ನೂ ನಂಬದ ರೈತರೂ ಅವನ ಅಂಕಿಯನ್ನು ನಂಬುತ್ತಿದ್ದರು. ಐದನೆಯ ಇಯತ್ತೆಗೆ ಸಾಲೆ ಬಿಟ್ಟ ನನಗೆ ಕಟ್ಟೆಯ ಮೇಲೆ ಹುಣಸೆ ಬೀಜ ಹರಡಿ ಕೂಡಿಸುವುದು, ಕಳೆಯುವುದು ಕಲಿಸಿದವನು ಅವನೇ. ತಪ್ಪಿದರೆ ಬೈಯುತ್ತಿರಲಿಲ್ಲ. ಬೀಜ ಕಲೆಸಿ ಮತ್ತೆ ಮೊದಲಿನಿಂದ ಎಣಿಸಲು ಹೇಳುತ್ತಿದ್ದ.

ಅವನಿಗೆ ಎದೆನೋವು ಶುರುವಾದಾಗ ಡಾಕ್ಟರು ಮೈ ತೂಕ ಇಳಿಸಲು ಹೇಳಿ, ಊಟಕ್ಕೆ ಇಷ್ಟೇ ಕ್ಯಾಲರಿ ಎಂದು ಬರೆದುಕೊಟ್ಟರು. ಮಧ್ಯಾಹ್ನ ಅವನು ಉಣ್ಣುತ್ತಿದ್ದುದು ನಮ್ಮಲ್ಲೇ. ಹುಬ್ಬಳ್ಳಿಯಲ್ಲಿ ಪಥ್ಯದ ವಿಷಯ ಓದುತ್ತಿದ್ದ ಅವನ ಮಗಳು ರಜೆಗೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ಕೂತು ಹಿಟ್ಟು, ಬೆಲ್ಲ, ಶೇಂಗಾ, ತುಪ್ಪ ಎಲ್ಲವನ್ನೂ ತೂಗಿ, ರೊಟ್ಟಿಗಿಷ್ಟು, ಪಲ್ಯಕ್ಕಿಷ್ಟು, ಶೇಂಗಾ ಹೋಳಿಗೆಗಿಷ್ಟು ಕ್ಯಾಲರಿ ಎಂದು ಹಾಳೆಯಲ್ಲಿ ಬರೆದುಕೊಟ್ಟಳು. "ಬೋರ್ಡಿನ ಮ್ಯಾಲ ಹಾಕಲೇ ತಮ್ಮಾ, ನನ್ನಂಥಾವರು ಭಾಳ ಮಂದಿ ಅದಾರ," ಎಂದ ಅಣ್ಣ. ತಿನಿಸುಗಳ ಹೆಸರು ಬಣ್ಣದಲ್ಲಿ ಬರೆಸಿ, ಮುಂದಿನ ಅಂಕಿಗಳನ್ನು ನಾನೇ ಸೀಮೆಸುಣ್ಣದಲ್ಲಿ ಬರೆದೆ.

ಉಣ್ಣುವವರ ರೊಟ್ಟಿ ಎಣಿಸಬಾರದು ಎಂಬುದು ನಮ್ಮ ಕಡೆಯ ರೂಢಿ. ಸಾಕು ಎನ್ನುವವರೆಗೂ ಬಡಿಸುತ್ತೇವೆ. ಹೋಳಿಗೆಯ ಮುಂದೆ ಮುನ್ನೂರ ಇಪ್ಪತ್ತು ಎಂದು ಬರೆದ ದಿನದಿಂದ ಮಂದಿ ತಾಟಿಗೆ ಕೈ ಅಡ್ಡ ಹಿಡಿಯತೊಡಗಿದರು. "ಏನ್ರೀ ಮಾಲಕರ, ಉಣ್ಣಾಕ ಕರದು ಅಂಜಸಾಕತ್ತೀರಿ?" ಎಂದು ಒಬ್ಬ ಗಿರಾಕಿ ಚೇಷ್ಟೆ ಮಾಡಿದ. ನನಗೆ ನಾಚಿಕೆಯಾಯಿತು. ನಾಲ್ಕನೆಯ ದಿನ ಅದನ್ನು ಒರೆಸಿ ನೂರ ಅರವತ್ತು ಎಂದು ಬರೆದೆ. ಹಾಳೆಯನ್ನು ಬಚ್ಚಿಟ್ಟೆ. ಅಣ್ಣ ಸಿಹಿ ಬಿಟ್ಟಿದ್ದಾನಲ್ಲ, ಅವನಿಗೇನು ಎಂದುಕೊಂಡೆ...

ಮೊದಲಿನದು ನನ್ನ ಕೈತಪ್ಪು ಎಂದಾಗ ನಂಬಿ, ಅವನು ಆ ಅಂಕಿ ನೋಡಿಯೇ ಮತ್ತೆ ಸಿಹಿ ತಿನ್ನತೊಡಗಿದ. ರೊಟ್ಟಿ ಬಿಟ್ಟು ಹೋಳಿಗೆ ಕೇಳುತ್ತಿದ್ದ, ಉಂಡದ್ದನ್ನೆಲ್ಲ ಬರೆಯುವ ಚೀಟಿಯಲ್ಲಿ ಅದನ್ನೂ ಬರೆದು ಕೂಡಿಸಿ. "ಖಾಲಿ ಗಾಡಿ ಕಳದು ಕಬ್ಬಿಂದಷ್ಟ ತೂಕ ಹಿಡದಂಗ ನೋಡಲೇ ತಮ್ಮಾ. ಲೆಕ್ಕ ಬರೋಬ್ಬರಿ." ತುಂಡು ಮುರಿದು ತುಪ್ಪದಲ್ಲಿ ಅದ್ದಿ, ಬಾಯಲ್ಲಿಟ್ಟು, ಕಣ್ಣು ಮುಚ್ಚುತ್ತಿದ್ದ. ಹಾಗೆ ಸುಖವಾಗಿ ಉಣ್ಣುವ ಬೇರೊಬ್ಬರನ್ನು ನಾನು ಕಂಡಿಲ್ಲ. ಒಂದು ದಿನ ಎರಡನೆಯದನ್ನು ಬಡಿಸಲು ತಡವರಿಸಿದೆ. "ಬೋರ್ಡ್ ಬರದಾಂವ ನೀನ, ಮತ್ತ ಕೈ ಯಾಕ ಹಿಂದ ಸರೀತೈತಿ?" ಎಂದು ನಕ್ಕ. ಬಡಿಸಿದೆ.

ಮೂರು ತಿಂಗಳಾದರೂ ತೂಕ ಇಳಿಯಲಿಲ್ಲ, ಏರಿತು. ಡಾಕ್ಟರು ಕೇಳಿದಾಗ ಅಣ್ಣ ಜೇಬಿನಿಂದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟ. ಕೂಡಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಹಾಗಾದರೆ ಕದ್ದು ತಿನ್ನುತ್ತಿದ್ದೀರಿ ಎಂದು ಅವರು ಅತ್ತಿಗೆಯ ಎದುರಿಗೇ ಗದರಿದರು. ಅವನ ಲೆಕ್ಕವನ್ನು ಅಲ್ಲಿಯವರೆಗೆ ಯಾರೂ ಸುಳ್ಳೆಂದಿರಲಿಲ್ಲ. ಅವನು ತಲೆ ತಗ್ಗಿಸಿದ. ಮಗ್ಗುಲಲ್ಲಿ ಕೂತಿದ್ದ ನಾನು ಬಾಯಿ ತೆರೆಯಲಿಲ್ಲ.

ಮರುದಿನವೇ ಹೋಳಿಗೆ ಮಾಡುವುದನ್ನು ನಿಲ್ಲಿಸಿದೆ. ಯಾಕೆಂದು ಅವನಿಗೆ ಹೇಳಲಿಲ್ಲ. ಇಂದು, ನಾಳೆ ಎನ್ನುತ್ತ ಆರು ತಿಂಗಳು ಕಳೆದೆ. ಕಾರ್ಖಾನೆಯ ಮುಂದಿನ ಹಂಗಾಮು ಶುರುವಾಗುವ ಮೊದಲೇ ಅವನ ಎದೆಬಡಿತ ನಿಂತಿತು. ಹೋಳಿಗೆಯಿಂದಲೇ ಹೋದ ಎಂದು ಯಾರೂ ಹೇಳಲಾರರು. ಅಲ್ಲ ಎಂದು ನಾನೂ ಹೇಳಲಾರೆ.

ಈ ಸಲ ಬಣ್ಣ ಬಳಿಸುವಾಗ, ಅಂದು ಬಚ್ಚಿಟ್ಟಿದ್ದ ಹಾಳೆ ಹುಡುಕಿ, ಅಂಕಿಗಳನ್ನೂ ಬಣ್ಣದಲ್ಲೇ ಬರೆಸಿದೆ. ಅಂದು ಸಂಜೆ ಅತ್ತಿಗೆಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟರು. ಬೈಯಲಿ ಎಂದು ಕಾದೆ.

"ಡಾಕ್ಟರ್ ಹಂಗ ಅಂದ ಮ್ಯಾಲ ನಾನೂ ನಿಮ್ಮ ಅಣ್ಣಾರನ್ನ ನಂಬಲಿಲ್ಲ," ಎಂದರು. "ಕದ್ದ ತಿಂತೀರಿ ಅಂತ ದಿನಾ ಜಗಳಾಡಿದೆ. ಹೋಗೂ ದಿನ ಮುಂಜಾನೇನೂ ಜಗಳಾಡಿದೆ."

ಅಣ್ಣ ಸತ್ತದ್ದಕ್ಕೆ ನಾನು ಅತ್ತಿದ್ದೆ. ಸ್ವಂತ ಮನೆಯಲ್ಲೇ ಸುಳ್ಳುಗಾರನಾಗಿ ಅವನು ಕಳೆದ ಆ ಕೊನೆಯ ತಿಂಗಳುಗಳಿಗೆ ಅಂದೇ ಮೊದಲ ಸಲ ಕಣ್ಣೀರು ಬಂತು.